ಹೊಳೆಸಾಲು ಕ್ಷೇತ್ರದ ರಾಜಕೀಯ ಇತಿಹಾಸವನ್ನು ವ್ಯಾನಿನಲ್ಲಿ ಚರ್ಚಿಸುವ ಕುರಿತು

ಶುಕ್ರವಾರದ ವ್ಯಾನ್ ನಿರ್ವಹಣಾ ವಿಭಾಗ
ಖಮೀಸ್ ಮುಶೈತ್, ಸೌದಿ ಅರೇಬಿಯಾ

ಸುತ್ತೋಲೆ ಸಂಖ್ಯೆ: ಶು.ವ್ಯಾ.ನಿ/ಹೊಳೆಸಾಲು/ಸೇತುವೆ/4

ವಿಷಯ: ಚಲಿಸುವ ವಾಹನದಲ್ಲಿ ಹೊಳೆಸಾಲು ಗ್ರಾಮಾಂತರ ಲೋಕಸಭಾ ಕ್ಷೇತ್ರದ ಇತಿಹಾಸ ಚರ್ಚೆಯನ್ನು ನಿಯಂತ್ರಿಸುವ ಬಗ್ಗೆ.

ಉಲ್ಲೇಖ: 1. ಕಳೆದ ಶುಕ್ರವಾರ ಅಭಾ ರಸ್ತೆಯ ಬದಿಯಲ್ಲಿ ನಡೆದ ಘಟನೆ.
2. ಶ್ರೀಮತಿ ಹಫ್ಸಾ ಅವರ ಮೌಖಿಕ ದೂರು (ವಿಭಾಗಕ್ಕೆ ಒಮ್ಮೆ, ಪತಿಗೆ ಲೆಕ್ಕವಿಲ್ಲದಷ್ಟು ಬಾರಿ).

ಪ್ರಸ್ತಾವನೆ:

ಖಮೀಸ್‌ನಲ್ಲಿ ಬಟ್ಟೆ ಅಂಗಡಿ ಇಟ್ಟಿರುವ, ವ್ಯಾನಿನ ಮಾಲೀಕರೂ ಚಾಲಕರೂ ಆದ ಶ್ರೀ ನಿಝಾಮುದ್ದೀನ್ ಹಾಗೂ ಮುಂದಿನ ಸೀಟಿನ ಎ.ಸಿ. ಮೆಕ್ಯಾನಿಕ್ ಶ್ರೀ ಜಿತೇಶ್ ಇಬ್ಬರೂ ಸದರಿ ಕ್ಷೇತ್ರದವರು. ಪ್ರತಿ ಶುಕ್ರವಾರ ಜುಮಾ ನಮಾಜಿನ ನಂತರ ವ್ಯಾನು ಅಭಾಕ್ಕೆ ಹೊರಡುತ್ತದೆ. ಬಹಳ ಹಿಂದೆ ಕೊಡೆ ಗುರುತಿನ ಪಕ್ಷೇತರ ಅಭ್ಯರ್ಥಿ ಸೋತದ್ದೇಕೆ ಎಂಬ ಚರ್ಚೆ ಅದಕ್ಕೂ ಮೊದಲೇ ಹೊರಟಿರುತ್ತದೆ. ಹೊಳೆಗೆ ಸೇತುವೆ ಕಟ್ಟಿಸುತ್ತೇನೆಂದ ಮಾತನ್ನು ಯಾರೂ ನಂಬಲಿಲ್ಲ ಎಂಬುದು ಮೊದಲನೆಯವರ ನಿಲುವು. ಅಕಾಲ ಮಳೆಗೆ ಹೊಳೆ ಏರಿ, ದೋಣಿ ನಿಂತು, ಆಚೆ ದಡದವರಿಗೆ ಮತ ಹಾಕಲಾಗಲಿಲ್ಲ ಎಂಬುದು ಎರಡನೆಯವರದು.

ಕಳೆದ ವಾರ ಹೊಳೆಯ ಅಗಲ ತೋರಿಸಲು ಶ್ರೀ ನಿಝಾಮುದ್ದೀನ್ ಸ್ಟೀರಿಂಗಿನಿಂದ ಎರಡೂ ಕೈ ತೆಗೆದರು. ಅವರ ಪತ್ನಿ ಹಫ್ಸಾ ಅವರ ಆದೇಶದಂತೆ ವಾಹನವನ್ನು ಬದಿಗೆ ನಿಲ್ಲಿಸಲಾಯಿತು. ಇಬ್ಬರೂ ಇಳಿದು, ಬಾನೆಟ್ಟಿನ ಧೂಳಿನ ಮೇಲೆ ಬೆರಳಿನಿಂದ ಹೊಳೆ ಬರೆದು ವಾದ ಮುಂದುವರಿಸಿದರು. ಹಿಂದಿನ ಸೀಟಿನಲ್ಲಿದ್ದ, ಅಭಾದ ಆಸ್ಪತ್ರೆಯ ನರ್ಸ್ ಕುಮಾರಿ ಸ್ವರ್ಣಲತಾ ಅವರಿಗೆ ಡ್ಯೂಟಿಯ ಹೊತ್ತು ಮೀರಿತು. "ನೀವು ನಿಧಾನಕ್ಕೆ ಮತ ಎಣಿಸಿ ನಿಝಾಮ್ ಭಾಯ್, ಮುಂದಿನ ವಾರದಿಂದ ನಾನು ಕೇರಳದವರ ವ್ಯಾನಿನಲ್ಲಿ ಹೋಗ್ತೇನೆ" ಎಂದು ಹೇಳಿ ಅವರು ಟ್ಯಾಕ್ಸಿ ಹತ್ತಿದರು.

ಅವರೂ ಅದೇ ಕ್ಷೇತ್ರದವರು. ಕಳೆದ ಚುನಾವಣೆಯಲ್ಲಿ ರಜೆ ಹಾಕಿ ಊರಿಗೆ ಹೋಗಿ ಮತ ಹಾಕಿದವರು ವ್ಯಾನಿನಲ್ಲಿ ಅವರೊಬ್ಬರೇ ಎಂಬುದನ್ನು ವಿಭಾಗವು ತಡವಾಗಿ ಗಮನಿಸಿದೆ. ಆದ್ದರಿಂದ ಕೆಳಕಂಡಂತೆ ಆದೇಶಿಸಲಾಗಿದೆ:

1. ಸ್ಟೀರಿಂಗಿನ ಮೇಲೆ ಕನಿಷ್ಠ ಒಂದು ಕೈ ಇರತಕ್ಕದ್ದು. ಉಳಿದ ಕೈಯಲ್ಲಿ ತೋರಿಸಲಾಗದಷ್ಟು ಅಗಲದ ಹೊಳೆಯನ್ನು ವಾಹನ ನಿಂತ ಮೇಲೆ ತೋರಿಸತಕ್ಕದ್ದು.

2. ತಾನು ಹುಟ್ಟುವ ಮೊದಲಿನ ಚುನಾವಣೆಯ ಬಗ್ಗೆ "ನಾನೇ ಕಂಡದ್ದು ಮಾರಾಯ್ರೆ" ಎನ್ನುವಂತಿಲ್ಲ. ಇದು ಶ್ರೀ ಜಿತೇಶ್ ಅವರಿಗೆ ಅನ್ವಯ. ಆಗ ಹುಟ್ಟಿದ್ದರೂ ಜಿದ್ದಾದಲ್ಲಿದ್ದ ಶ್ರೀ ನಿಝಾಮುದ್ದೀನ್ ಅವರಿಗೂ ಅನ್ವಯ. "ನಮ್ಮ ಮಾವ ಹೇಳಿದ್ದು" ಎಂದಲ್ಲಿ, ಮಾವನಿಗೆ ಹೇಳಿದವರು ಯಾರು ಎಂಬುದನ್ನೂ ತಿಳಿಸಬೇಕು.

3. ಸೋಲಿನ ಅಂತರವು ಖಮೀಸ್ ಬಿಡುವಾಗ ಎಷ್ಟಿತ್ತೋ ಅಭಾ ತಲುಪುವಾಗಲೂ ಅಷ್ಟೇ ಇರತಕ್ಕದ್ದು. ಅಭಾದ ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಕಡಿಮೆಯಾಗುವುದು ಸಹಜ. ಮತಗಳು ಹೆಚ್ಚಾಗುವುದಕ್ಕೆ ಯಾವುದೇ ಆಧಾರ ಕಂಡುಬಂದಿಲ್ಲ.

4. ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಶ್ರೀ ಜಿತೇಶ್ ಅವರ ಮನೆ ಪಕ್ಕದ ಕ್ಷೇತ್ರಕ್ಕೆ ಹೋಗಿದ್ದು, ದನದ ಕೊಟ್ಟಿಗೆ ಮಾತ್ರ ಹೊಳೆಸಾಲಿನಲ್ಲೇ ಉಳಿದಿದೆ ಎಂದು ಅವರು ಮನವಿ ಸಲ್ಲಿಸಿರುತ್ತಾರೆ. ಕೊಟ್ಟಿಗೆಯ ಆಧಾರದ ಮೇಲೆ ಅಭಿಪ್ರಾಯ ಹೇಳುವ ಹಕ್ಕನ್ನು ಮುಂದುವರಿಸಲಾಗಿದೆ. ದನ ಮಾರಿದಲ್ಲಿ ಕೂಡಲೇ ತಿಳಿಸತಕ್ಕದ್ದು.

5. ಹಫ್ಸಾ ಅವರ ತಿಂಡಿ ಡಬ್ಬಿ ತೆರೆದಾಗ ಮಾಲೀಕರ ನಿಲುವನ್ನು ಒಪ್ಪಿ, ಡಬ್ಬಿ ಖಾಲಿಯಾದ ಮೇಲೆ ಸ್ವಂತ ನಿಲುವಿಗೆ ಮರಳುವುದನ್ನು ಪಕ್ಷಾಂತರವೆಂದು ಪರಿಗಣಿಸಲಾಗುವುದು. ಈ ಕಲಂ ವಿಭಾಗದ ಅಧಿಕಾರಿಗೂ ಅನ್ವಯಿಸುವುದೆಂದು ವಿಷಾದದಿಂದ ತಿಳಿಸಲಾಗಿದೆ.

6. "ಯಲ್ಲಾ, ಸಾಕು, ಗಾಡಿ ಬಿಡಿ" ಎಂದು ಹಫ್ಸಾ ಅವರು ಹೇಳಿದ ಕ್ಷಣವೇ ಫಲಿತಾಂಶ ಘೋಷಣೆಯಾದಂತೆ. ಮರುಎಣಿಕೆಗೆ ಅವಕಾಶವಿಲ್ಲ.

7. ಕುಮಾರಿ ಸ್ವರ್ಣಲತಾ ಅವರು ರಜೆಯಿಂದ ಮರಳಿದಂದಿನಿಂದ ಪ್ರತಿ ಶುಕ್ರವಾರ "ನಾನು ಮತ ಹಾಕ್ಲಿಕ್ಕೆ ಹೋದಾಗ ಆ ಸೇತುವೆ" ಎಂದು ಆರಂಭಿಸಿರುತ್ತಾರೆ. ಪ್ರತಿ ಬಾರಿಯೂ "ಸ್ವಲ್ಪ ತಡೀರಿ ಸಿಸ್ಟರ್, ಆ ಹೊಳೆಗೆ ಸೇತುವೆ ಆಗುವುದುಂಟಾ" ಎಂದು ಇಬ್ಬರೂ ಒಟ್ಟಾಗಿ ತಡೆದಿರುತ್ತಾರೆ. ಇಬ್ಬರೂ ಒಮ್ಮತಕ್ಕೆ ಬಂದಿರುವ ಏಕೈಕ ವಿಷಯ ಇದು. ವಾಕ್ಯ ಇನ್ನೂ ಪೂರ್ಣಗೊಂಡಿಲ್ಲ. ಸೇತುವೆ ಆಗಿದೆಯೇ, ಅರ್ಧಕ್ಕೆ ನಿಂತಿದೆಯೇ, ಆಗಿ ಬಿದ್ದಿದೆಯೇ ಎಂಬುದು ವಿಭಾಗಕ್ಕೆ ತಿಳಿದಿಲ್ಲ. ತಿಳಿಯಬೇಕೆಂಬ ಆಸೆ ಮಾತ್ರ ಇದೆ.

8. ಆದುದರಿಂದ ಬರುವ ಶುಕ್ರವಾರ ಮುಂದಿನ ಸೀಟನ್ನು ಅವರಿಗೆ ಮೀಸಲಿಡಲಾಗಿದೆ. ಆಸ್ಪತ್ರೆಯ ಗೇಟಿನವರೆಗೆ ಅವರೊಬ್ಬರೇ ಮಾತನಾಡತಕ್ಕದ್ದು. ಉಳಿದವರು "ಹೌದಾ" ಎನ್ನಬಹುದು. ಶ್ರೀ ನಿಝಾಮುದ್ದೀನ್ ಅವರ "ಹೌದಾ"ದಲ್ಲಿ ವ್ಯಂಗ್ಯ ಇರಬಾರದು.

ಸಹಿ/-
ಪ್ರಭಾರ ಅಧಿಕಾರಿ (ಹಿಂದಿನ ಸಾಲು, ಕಿಟಕಿ ಬದಿ)

ಪ್ರತಿಗಳು:

1. ಶ್ರೀ ನಿಝಾಮುದ್ದೀನ್ ಅವರಿಗೆ, ವಾಹನ ನಿಂತಿರುವಾಗ ಓದಲು.
2. ಶ್ರೀ ಜಿತೇಶ್ ಅವರಿಗೆ, ಹಿಂದಿನ ಸೀಟಿನ ವಿಳಾಸಕ್ಕೆ.
3. ಶ್ರೀಮತಿ ಹಫ್ಸಾ ಅವರಿಗೆ, ಜಾರಿಗಾಗಿ.
4. ಕೇರಳದವರ ವ್ಯಾನಿನ ಚಾಲಕರಿಗೆ, ಆ ಸೀಟನ್ನು ಬೇರೆ ಯಾರಿಗಾದರೂ ಕೊಡುವಂತೆ ಕೋರಿ.
5. ಕುಮಾರಿ ಸ್ವರ್ಣಲತಾ ಅವರಿಗೆ, ವಾಕ್ಯದ ಉಳಿದ ಭಾಗದೊಂದಿಗೆ ಖುದ್ದು ಹಾಜರಾಗಲು. ಇದು ಆದೇಶವಲ್ಲ, ವಿನಂತಿ.
6. ವ್ಯಾನ್ ತೊಳೆಯುವವರಿಗೆ: ಬಾನೆಟ್ಟಿನ ಮೇಲಿನ ಹೊಳೆಯನ್ನು ಶುಕ್ರವಾರದವರೆಗೆ ಒರೆಸಬಾರದು. ಸೇತುವೆಗೆ ಜಾಗ ಬಿಡಲಾಗಿದೆ.