ಇಲ್ಲ ಅನ್ನಲು ಕಲಿತ ಟೈಲರ್

ಟೈಲರಿಗೆ ‘ಇಲ್ಲ’ ಅನ್ನಲು ಬರುತ್ತಿರಲಿಲ್ಲ. ಆ ಮಾತು ಗಂಟಲ ತನಕ ಬಂದು, ಸೂಜಿಯ ಕಣ್ಣಿಗೆ ಸಿಗದ ದಾರದಂತೆ ಬಾಗಿ ಹಿಂದಕ್ಕೆ ಹೋಗುತ್ತಿತ್ತು. ಆಸ್ಪತ್ರೆಗೆ ಬಿಳಿ ಕೋಟಿನ ಅಳತೆ ತೆಗೆಯಲು ಹೋದವನು ಇಬ್ಬರು ಡಾಕ್ಟರುಗಳ ಕೈಗೆ ಸಿಕ್ಕಿಬಿದ್ದದ್ದೂ ಈ ಗುಣದಿಂದಲೇ. ಮಾತಾಡಿಸಿಯೇ ಮನಸ್ಸು ವಾಸಿಮಾಡುವ ಡಾಕ್ಟರಮ್ಮನ ಕೋಣೆಯ ಎದುರಿಗೇ ಮಿದುಳಿನ ಡಾಕ್ಟರ ಕೋಣೆ. ಮಾತಿನಿಂದ ಮಿದುಳೇ ಬದಲಾಗುತ್ತದೆ ಎಂದು ಆಕೆ. ಸ್ಕ್ಯಾನಿನಲ್ಲಿ ಕಣ್ಣಾರೆ ಕಾಣುವ ತನಕ ನಂಬುವುದಿಲ್ಲ ಎಂದು ಈತ. ಜಗಳ ತೀರಲು ಒಂದು ತಲೆ ಬೇಕಿತ್ತು. ನಿಮ್ಮದನ್ನು ಕೊಡುತ್ತೀರಾ ಎಂದು ಕೇಳಿದರು. ಟೈಲರ್ ಆಗಲಿ ಎಂದ.

ಅವನಿಗೂ ಗರಜಿತ್ತು. ಹೆಂಡತಿಯ ಅಣ್ಣ ಬಣ್ಣದ ಮೀನಿನ ಅಂಗಡಿ ಇಡಲು ಟೈಲರನ ಮನೆಯ ಮುಂದಿನ ಕೋಣೆಯ ಮೇಲೆ ಕಣ್ಣು ಹಾಕಿದ್ದ. ಹೊಲಿಗೆ ಮಿಷನ್ನು ಇದ್ದದ್ದು ಅಲ್ಲೇ, ಸಂಸಾರ ನಡೆಯುತ್ತಿದ್ದುದೂ ಅದರಿಂದಲೇ.

ಡಾಕ್ಟರಮ್ಮ ವಾರಗಟ್ಟಲೆ ಮಾತಾಡಿಸಿದರು. ‘ಇಲ್ಲ, ಕೊಡಲ್ಲ’ ಎಂದು ಕನ್ನಡಿಗೆ ಹೇಳಿಸಿದರು, ಖಾಲಿ ಕುರ್ಚಿಗೆ ಹೇಳಿಸಿದರು. ಸುದ್ದಿ ಹರಡಿ ಇಡೀ ಬೀದಿಯೇ ಕೈಜೋಡಿಸಿತು. ಎದುರುಮನೆಯಾಕೆ ಅಭ್ಯಾಸಕ್ಕಿರಲಿ ಎಂದು ಅವನ ಕತ್ತರಿ ಕೇಳಿದಳು. ಅವನು ಇಲ್ಲ ಎಂದ. ಭೇಷ್ ಎಂದು ಮೆಚ್ಚಿ, ಕತ್ತರಿ ತೆಗೆದುಕೊಂಡು ಹೋದಳು.

ಇವತ್ತು ಕೊನೆಯ ಪರೀಕ್ಷೆ. ಸ್ಕ್ಯಾನ್ ಯಂತ್ರದೊಳಗೆ ಮಲಗಿದವನಿಗೆ ಭಾವನ ದನಿಯನ್ನೇ ಕೇಳಿಸಬೇಕು; ಆಗಲೂ ಮಿದುಳಿನ ಹೆದರಿಕೆಯ ಜಾಗ ತಣ್ಣಗಿರುತ್ತದೆಯೇ ಎಂದು ನೋಡಬೇಕು. ಅದಕ್ಕಾಗಿ ಟೈಲರ್ ಹಿಂದಿನ ದಿನವೇ ಭಾವನಿಗೆ ಎಲ್ಲ ಬಿಡಿಸಿ ಹೇಳಿ, ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ತಂದಿದ್ದ.

ಯಂತ್ರ ಗಡಗಡ ಅನ್ನತೊಡಗಿತು. ಕಿವಿಯಲ್ಲಿ ಭಾವನ ದನಿ ಬಂತು.

“ಮುಂದಿನ ರೂಮು ನನಗೆ ಬಿಟ್ಕೊಡ್ತೀಯಾ?”

“ಇಲ್ಲ, ಕೊಡಲ್ಲ,” ಎಂದ ಟೈಲರ್.

ಪರದೆಯ ಮೇಲೆ ಹೆದರಿಕೆಯ ಜಾಗ ಮಿಸುಕಲಿಲ್ಲ. ಡಾಕ್ಟರಮ್ಮ ಗೆದ್ದೆ ಎಂದು ಎದ್ದು ನಿಂತರು. ಮಿದುಳಿನ ಡಾಕ್ಟರ ಮುಖ ಸಣ್ಣದಾಯಿತು. ಈ ಗಡಿಬಿಡಿಯಲ್ಲಿ ರೆಕಾರ್ಡ್ ನಿಲ್ಲಿಸಲು ಇಬ್ಬರಿಗೂ ಮರೆತುಹೋಯಿತು. ಟೈಲರನ ಕಿವಿಯಲ್ಲಿ ಈಗ ಇನ್ನೊಂದು ದನಿ ಕೇಳಿಸಿತು. ಅದು ಅವನದೇ.

“ಆಗ್ಲಿ ಭಾವ. ನಾಳೇನೇ ಸಾಮಾನು ತನ್ನಿ.”

ಬಾಯಿಗೆ ರೂಢಿಯಾದ ಮಾತು, ಆಡಿದ್ದೇ ಅವನಿಗೆ ನೆನಪಿರಲಿಲ್ಲ. ಪರದೆ ಕೆಂಪಗೆ ಧಗ್ಗೆಂದಿತು. ಇದು ಯಾರ ಸೋಲು ಎಂದು ಡಾಕ್ಟರುಗಳು ಕಚ್ಚಾಡುತ್ತಿರುವಾಗಲೇ ಟೈಲರ್ ಆಸ್ಪತ್ರೆಯ ನಿಲುವಂಗಿಯಲ್ಲೇ ಮನೆಗೆ ಓಡಿದ.

ಹೊಲಿಗೆ ಮಿಷನ್ನು ಆಗಲೇ ಬೀದಿಗೆ ಬಂದು ಬಿಸಿಲು ಕಾಯುತ್ತಿತ್ತು. ಭಾವ ಕೊನೆಯ ಗಾಜಿನ ತೊಟ್ಟಿಯನ್ನು ಒಳಗೆ ಸಾಗಿಸುತ್ತಿದ್ದ. ಟೈಲರ್ ಬಾಗಿಲಿಗೆ ಅಡ್ಡ ನಿಂತ. ಬದುಕಿನಲ್ಲಿ ಮೊದಲ ಸಲ, ಯಾರೂ ಹೇಳಿಸದೆ, ಬೀದಿಗೆಲ್ಲ ಕೇಳುವಂತೆ ಹೇಳಿದ:

“ಇಲ್ಲ ಭಾವ. ಈ ರೂಮು ಕೊಡಲ್ಲ.”

ಎದುರುಮನೆಯಾಕೆ ಚಪ್ಪಾಳೆ ತಟ್ಟಿದಳು. ಬೀದಿಯವರೆಲ್ಲ ತಟ್ಟಿದರು. ಭಾವನ ಕಣ್ಣು ತೇವವಾಯಿತು.

“ಎಷ್ಟು ಚೆನ್ನಾಗಿ ಕಲ್ತಿದೀಯಪ್ಪ. ನಂಗೇ ಒಂದು ಕ್ಷಣ ನಿಜ ಅನ್ನಿಸ್ಬಿಡ್ತು,” ಎಂದು ಬೆನ್ನು ತಟ್ಟಿದ. “ಇವತ್ತಿಗೆ ಅಭ್ಯಾಸ ಸಾಕು. ತೊಟ್ಟಿ ಭಾರ ಇದೆ, ಆ ಕಡೆ ಸ್ವಲ್ಪ ಹಿಡ್ಕೊ.”

“ಆಗ್ಲಿ ಭಾವ,” ಎಂದ ಟೈಲರ್.