ಆರು ಗಂಟೆಯ ಹಕ್ಕಿಗೆ, ಹಿತ್ತಿಲ ಕತ್ತಲೆಯ ಕುರಿತು

ನವರಂಗವೆಂಬ ಬಿರುದು ಹೊತ್ತು, ನಮ್ಮ ಸೆಂಗೋಟ್ಟೈ ಕಡೆ 'ಆರು ಗಂಟೆಯ ಹಕ್ಕಿ' ಎಂದೇ ಮನೆಮಾತಾಗಿ, ಪ್ರತಿ ಚಳಿಗಾಲವೂ ಹಿಮಾಲಯದ ತಪ್ಪಲಿನಿಂದ ಹಾರಿ ಬಂದು, ಊರಿನಲ್ಲಿ ಅಷ್ಟೊಂದು ಹಿತ್ತಿಲುಗಳಿದ್ದರೂ ನಮ್ಮ ಹಿತ್ತಿಲಿಗೇ ಇಳಿದು ನಮ್ಮನ್ನು ಉದ್ಧರಿಸುತ್ತಿರುವ ಮಾನ್ಯರೇ,

ತಮ್ಮ ಪಾದಗಳು ತರಗೆಲೆಯ ಕೆಳಗೆ ಎಲ್ಲೇ ಇರಲಿ, ಅವಕ್ಕೆ ನನ್ನ ಸಾಷ್ಟಾಂಗ ನಮಸ್ಕಾರ. ಊಟ ಆಗಿರಬೇಕು. ಆಗದೆ ಏನು, ಎರೆಹುಳು ಮೇಲೆ ಬರಲೆಂದು ಹಲಸಿನ ಮರದ ಬುಡಕ್ಕೆ ದಿನಾ ಕೊಡಪಾನದಲ್ಲಿ ನೀರು ಹೊತ್ತು ಹೊಯ್ದು ಸೊಂಟ ಹಿಡಿದುಕೊಂಡಿರುವುದು ನನಗಲ್ಲವೇ!

ಹಗಲೆಲ್ಲ ನಮ್ಮ ಹಿತ್ತಿಲಲ್ಲಿ ಬೇಕಾದಷ್ಟು ಬೆಳಕಿರುತ್ತದೆ ಎಂಬುದನ್ನು ತಮ್ಮ ಗಮನಕ್ಕೆ ತರಲು ಇಚ್ಛಿಸುತ್ತೇನೆ. ಆ ಬೆಳಕಿನಲ್ಲಿ ಕಾಗೆ ಬರುತ್ತದೆ, ಮೈನಾ ಬರುತ್ತದೆ, ಪಕ್ಕದ ಮನೆಯ ಕೋಳಿ ಬಂದು ಎರಡೂ ಕಡೆಯ ಮುಖ ತೋರಿಸಿ ಹೋಗುತ್ತದೆ. ತಾವು ಮಾತ್ರ ಸೂರ್ಯ ಬೆಟ್ಟದ ಹಿಂದೆ ಇಳಿದದ್ದನ್ನು ಖಚಿತಪಡಿಸಿಕೊಂಡು, ಎರಡು ಸ್ವರದ ಸಿಳ್ಳೆ ಹಾಕಿ, ನನ್ನ ಕೈ ನನಗೇ ಕಾಣದಷ್ಟು ಕತ್ತಲಾದ ಮೇಲೆ ದಯಮಾಡಿಸುತ್ತೀರಿ. ಹಸಿರು, ನೀಲಿ, ಕೇಸರಿ, ಕೆಂಪು ಎಂದು ಮೈತುಂಬ ಬಣ್ಣ ಬಳಿದುಕೊಂಡವರು ಕತ್ತಲಲ್ಲಿ ಓಡಾಡುವುದು ಯಾವ ನ್ಯಾಯ ಸ್ವಾಮಿ?

ಆದರೂ ನಾನು ಬಿಡಲಿಲ್ಲ. ಹೆಂಡತಿಯ ಹಳೆಯ ಹಸಿರು ಸೀರೆಯನ್ನು ತಲೆಯ ಮೇಲೆ ಹೊದ್ದು, ಒಗೆಯುವ ಕಲ್ಲಿನ ಮರೆಯಲ್ಲಿ ಸೊಳ್ಳೆಗಳಿಗೆ ಔತಣ ಬಡಿಸುತ್ತಾ ಕುಳಿತೆ. ಫ್ಲಾಶ್ ಹಾಕಬಾರದು, ತಮ್ಮ ಕಣ್ಣಿಗೆ ತೊಂದರೆ ಎಂಬುದು ನಮ್ಮ ಪಕ್ಷಿಛಾಯಾಗ್ರಾಹಕರ ಬಳಗದ ಕಟ್ಟುನಿಟ್ಟು. ಹಾಗಾಗಿ ಕ್ಯಾಮೆರಾ ಎಷ್ಟು ಕಣ್ಣರಳಿಸಬಲ್ಲದೋ ಅಷ್ಟು ಅರಳಿಸಿ, ಶಟರನ್ನು ಮಂದಗತಿಗಿಟ್ಟು, ಉಸಿರು ಬಿಗಿಹಿಡಿದು ಗುಂಡಿ ಒತ್ತಿದೆ. ನಾನು ಅಲುಗಲಿಲ್ಲ. ತಾವು ಅಲುಗಿದಿರಿ. ಗುಂಡಿ ಒತ್ತುವ ತನಕ ಕಡೆದ ವಿಗ್ರಹದಂತೆ ನಿಂತಿದ್ದವರಿಗೆ, ಸರಿಯಾಗಿ ಆಗಲೇ ಆ ಮೋಟು ಬಾಲ ಕುಣಿಸುವ ಹುಕಿ ಯಾಕೆ ಬರುತ್ತದೆ?

ನನ್ನ ಹೆಂಡತಿ ಇಸಕ್ಕಿಯಮ್ಮಾಳ್ ಆ ಚಿತ್ರವನ್ನು ಹತ್ತಿರ ಹಿಡಿದು, ದೂರ ಹಿಡಿದು, ತಲೆಕೆಳಗು ಮಾಡಿ ನೋಡಿದಳು. "ಏನ್ರೀ, ಇದ್ರಲ್ಲಿ ಹಕ್ಕಿ ಯಾವ್ದು? ಈ ಬೂದಿ ಬಣ್ಣದ್ದು ನಿಮ್ಮ ಹೆಬ್ಬೆರಳಲ್ವಾ?" ಎಂದಳು. ಪರೋಟಾ ಅಂಗಡಿ ಇಟ್ಟಿರುವ ಅವಳ ತಮ್ಮ ಸುಡಲೈಮುತ್ತು, ಕರೆಯದಿದ್ದರೂ ಬಂದು ಇಣುಕಿ, "ಅತ್ತಾನ್, ಎಲೆ ಮಾತ್ರ ಭಾಳ ಚೆನ್ನಾಗಿ ಬಂದಿದೆ. ಒಂದೊಂದು ನರಾನೂ ಎಣಿಸ್ಬೋದು. ಹಲಸಿನ ಎಲೆ ಫೋಟೋ ತೆಗಿಯೋಕೆ ಇಷ್ಟುದ್ದ ಪಿರಂಗಿ ಬೇಕಾ?" ಎಂದು ಭಾವನ ಮರ್ಯಾದೆಯನ್ನು ಪರೋಟಾ ಥರ ಬಡಿದು ಹಾಕಿದ. ನನಗೆ ಮೈಯೆಲ್ಲ ಉರಿದುಹೋಯಿತು.

ಇಷ್ಟೇ ಆಗಿದ್ದರೆ ತಮಗೆ ಬರೆಯುತ್ತಿರಲಿಲ್ಲ. ಪೊಂಗಲ್ ಹತ್ತಿರ ಬಂತು. ಭೋಗಿಯ ದಿನ ಮನೆಯ ಹಳೆಯದನ್ನೆಲ್ಲ ಹೊರಗೆ ಹಾಕಿ ಸುಡುವುದು, ಒಳಗೂ ಹೊರಗೂ ಗುಡಿಸಿ ಸಾರಿಸುವುದು ನಮ್ಮಲ್ಲಿ ನಡೆದುಬಂದದ್ದು. ಇಸಕ್ಕಿಯ ಕಣ್ಣು ತಮ್ಮ ತರಗೆಲೆಯ ಮೇಲೆ ಬಿತ್ತು. "ಮನೆ ಹಿಂದೆ ಗೊಬ್ಬರದ ಗುಂಡಿ ಇಟ್ಕೊಂಡು ಯಾರ ಎದುರಿಗೆ ಪೊಂಗಲ್ ಉಕ್ಕಿಸ್ಲಿ? ಎಲ್ಲಾ ಗುಡಿಸಿ ಬೆಂಕಿ ಹಾಕ್ತೀನಿ" ಎಂದಳು. ಎಲೆ ಹೋದರೆ ಹುಳು ಹೋಯಿತು, ಹುಳು ಹೋದರೆ ತಾವೂ ಹೋದಿರಿ. ನಾನು ಕೈಕಾಲು ಹಿಡಿದ ಮೇಲೆ ಒಂದು ರಿಯಾಯಿತಿ ಸಿಕ್ಕಿತು: "ಭೋಗಿ ಒಳಗೆ ಅದರ ಬಣ್ಣ ಎಲ್ಲಾ ಕಾಣೋ ಹಂಗೆ ಒಂದೇ ಒಂದು ಫೋಟೋ ತೋರ್ಸಿ. ಪೊರಕೆ ಮುಟ್ಟಲ್ಲ."

ಅಂದರೆ, ಮಾನ್ಯರೇ, ನಾನು ಒದ್ದಾಡಿದ್ದು ತಮ್ಮ ಮನೆಗಾಗಿ! ಬಿಸಿಲಿಗೆ ಬನ್ನಿ ಎಂದು ಬೇಡಿಕೊಂಡೆ. ಬರಲಾಗದಿದ್ದರೆ ಬಾಲವನ್ನಾದರೂ ಮನೆಯಲ್ಲಿಟ್ಟು ಬನ್ನಿ, ಅಥವಾ ಬಿಡುವಿರುವ ತಮ್ಮ ಷಡ್ಡಕರನ್ನೋ ನಾದಿನಿಯನ್ನೋ ಬದಲಿಗೆ ಕಳುಹಿಸಿ, ಅದೂ ಆಗದಿದ್ದರೆ ಸೂರ್ಯನ ಬಳಿ ತಾವೇ ಮಾತಾಡಿ ಅವನನ್ನು ಅರ್ಧ ಗಳಿಗೆ ನಿಲ್ಲಿಸಿಕೊಳ್ಳಿ ಎಂದು ಕಲ್ಲಿನ ಹಿಂದಿನಿಂದ ಕೈಮುಗಿದು ಕೇಳಿಕೊಂಡೆ. ತಾವು ಸಿಳ್ಳೆ ಹಾಕಿದಿರಿ. ಅದು ಒಪ್ಪಿಗೆಯೋ ತಮಾಷೆಯೋ ನನಗೆ ಇಂದಿಗೂ ತಿಳಿಯದು.

ಭೋಗಿಯ ದಿನ ಬಂದೇಬಿಟ್ಟಿತು. ಹಳೆ ಚಾಪೆಗಳು ಬೀದಿಯಲ್ಲಿ ಸುಟ್ಟು ಬೂದಿಯಾದ ಮೇಲೆ, ಬಿಸಿಲು ಚೆನ್ನಾಗಿ ಏರಿದ ಹೊತ್ತಿಗೆ, ಇಸಕ್ಕಿ ಸೆರಗು ಸಿಕ್ಕಿಸಿ, ಕಡ್ಡಿ ಪೊರಕೆ ಹಿಡಿದು ಹಿತ್ತಿಲಿಗಿಳಿದಳು. ಒಂದು ಸಲ ಎಳೆದಳಷ್ಟೇ. ಎಲೆ ಮಗುಚಿ ಎರೆಹುಳು ಮೇಲೆ ಬಂತು, ಹುಳುವಿನ ಹಿಂದೆಯೇ ತಾವು ಬಂದಿರಿ. ಅವಳ ಕಾಲಿನಿಂದ ಮೊಳ ದೂರದಲ್ಲಿ, ನಡು ಬಿಸಿಲಿನಲ್ಲಿ, ಬಾಲ ಅಲ್ಲಾಡಿಸದೆ, ಒಂದು ಬಣ್ಣವನ್ನೂ ಮುಚ್ಚಿಡದೆ ನಿಂತಿರಿ! ನಾನು ಬಿದ್ದೆದ್ದು ಒಳಗೋಡಿ ಕ್ಯಾಮೆರಾ ತಂದು ಕ್ಲಿಕ್ಕಿಸಿದೆ. ಜನ್ಮ ಸಾರ್ಥಕವಾಯಿತೆಂದು ಪರದೆ ನೋಡಿದರೆ, ಎಲ್ಲ ಬಿಳಿ. ಹಕ್ಕಿಯಿಲ್ಲ, ಎಲೆಯಿಲ್ಲ, ಹೆಂಡತಿಯೂ ಇಲ್ಲ; ಒಗೆದು ಹರವಿದ ಪಂಚೆಯಷ್ಟು ಬಿಳಿ. ಸಂಜೆಯ ಕತ್ತಲೆಗೆಂದು ತಿರುಗಿಸಿಟ್ಟಿದ್ದ ತಿರುಪುಗಳಲ್ಲಿ ಒಂದನ್ನೂ ನಾನು ಬದಲಿಸಿರಲಿಲ್ಲ. ಅಯ್ಯೋ, ಅಲ್ಲೇ ಕುಸಿದು ಕುಳಿತೆ.

ಅಷ್ಟರಲ್ಲಿ ಇಸಕ್ಕಿ ಪೊರಕೆಯನ್ನು ಸದ್ದಾಗದಂತೆ ಗೋಡೆಗೆ ಒರಗಿಸಿದ್ದಳು. "ಎಷ್ಟು ಚೆಂದ ಇದೆ ನೋಡಿ, ಮದುವೆಗೆ ಹೊರಟಂಗೆ" ಎಂದು ಪಿಸುಗುಟ್ಟಿದಳು. ಫೋಟೋ ಬರಲಿಲ್ಲವೆಂದು ಅಳುಮುಖ ಮಾಡಿ ಹೇಳಿದೆ. "ಕಣ್ಣಾರೆ ನೋಡಿದ್ಮೇಲೆ ಫೋಟೋ ಯಾಕ್ರೀ? ಇರ್ಲಿ ಬಿಡಿ ಎಲೆ. ಪಾಪ, ಅಷ್ಟು ದೂರದಿಂದ ಬಂದಿದೆ" ಎಂದಳು. ನಿಜ ಹೇಳುತ್ತೇನೆ, ತಮ್ಮ ಮನೆ ಉಳಿಯಿತಲ್ಲ ಎಂದು ನನಗೆ ಕಣ್ಣು ತುಂಬಿ ಬಂತು. ಅದನ್ನು ಒರೆಸಿಕೊಳ್ಳುವ ಮೊದಲೇ ಅವಳು ಮಾತು ಮುಂದುವರಿಸಿದಳು: "ನೀವು ಮಾತ್ರ ಇನ್ಮೇಲೆ ಈ ಕಡೆ ಕಾಲಿಡ್ಬೇಡಿ. ಮುಸುಕು ಹಾಕ್ಕೊಂಡು ಕಳ್ಳನ ಥರ ಕೂತಿದ್ರೆ ಅದು ಹೆಂಗೆ ನೆಮ್ಮದಿಯಾಗಿ ತಿನ್ನತ್ತೆ?"

ಹೀಗೆ, ತಮ್ಮನ್ನು ಒಕ್ಕಲೆಬ್ಬಿಸುವುದನ್ನು ತಪ್ಪಿಸಲು ಹೋಗಿ, ನಾನೇ ನನ್ನ ಹಿತ್ತಿಲಿನಿಂದ ಒಕ್ಕಲೆದ್ದಿದ್ದೇನೆ. ಈಗ ನೀರು ಹೊಯ್ಯುವವಳೂ ಅವಳೇ, ಸಂಜೆ ಕಾಫಿ ಲೋಟ ಹಿಡಿದು ತಮ್ಮ ದರ್ಶನಕ್ಕೆ ಕೂರುವವಳೂ ಅವಳೇ. ನಾನು ಅಡುಗೆಮನೆಯ ಕಿಟಕಿಯಿಂದ ಸಿಳ್ಳೆ ಕೇಳಿಸಿಕೊಳ್ಳುತ್ತೇನೆ. ಅವಳು ತಮ್ಮ ಮಾತನ್ನು ತೆಗೆದುಹಾಕುವವಳಲ್ಲ. ದಯವಿಟ್ಟು ನನ್ನ ಪರವಾಗಿ ಒಂದು ಮಾತು ಹೇಳಬೇಕಾಗಿ ಪ್ರಾರ್ಥನೆ.

ಎಂದಿಗೂ ತಮ್ಮ ವಿಶ್ವಾಸಿ, ಈಗ ಕಿಟಕಿಯ ಒಳಗಡೆಯಿಂದ,
ಕುಟ್ರಾಲಿಂಗಂ

ಮರೆತ ಮಾತು: ತಾವು ಹೀಗೇ ಮೌನವಾಗಿದ್ದರೆ, ಗೇಟಿನ ಮೇಲೆ ಬಿಸಿಲಿಗೆ ಕೂರುವ ಕಾಗೆಯ ಫೋಟೋ ತೆಗೆದು, ಕೆಳಗೆ ತಮ್ಮ ಹೆಸರು ಬರೆದು ಬಳಗದವರಿಗೆಲ್ಲ ಕಳುಹಿಸುತ್ತೇನೆ. ಕತ್ತಲಲ್ಲಿ ತೆಗೆದದ್ದೆಂದರೆ ಎಲ್ಲರೂ ನಂಬುತ್ತಾರೆ.