ಕಸದ ಕಂಟಿನ್ಯುಟಿ ಕುರಿತು ನಿರ್ದೇಶಕರಿಗೆ

ಹಲಸೂರು ಮಾರ್ಕೆಟ್ ಹಿಂದಿನ ತಿರುವಿಗೆ ಪಾದ ಬೆಳೆಸಿ, ನಾವು ಕೇಳದೇ ಇದ್ದರೂ ಮೂಟೆಗಟ್ಟಲೆ ಕಸ ಕರುಣಿಸಿ ಹೋದ ಸಿನಿಮಾ ವಿದ್ಯಾರ್ಥಿ, ಮುಂದಿನ ದೊಡ್ಡ ನಿರ್ದೇಶಕ ಶ್ರೀಯುತ ಪ್ರವೀಣ ಅವರಿಗೆ, ಬಿಳಿ ಶೂ ಕೊಳೆಯಾಗದಿರಲಿ ಅಂತ ದೂರದಿಂದಲೇ ಮಾಡುವ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮ ಅಂತ ಗೊತ್ತು. ತಮ್ಮ ‘ಮೂಗು ಮುಚ್ಚಿದ ನಗರ’ ಚಿತ್ರದ ಓಪನಿಂಗ್ ಸೀಕ್ವೆನ್ಸಿಗೆ ಕಾಲೇಜಿನಲ್ಲಿ ಬಹುಮಾನ ಬಂದು, ಶಾಲು ಹೊದೆಸಿದ ಫೋಟೊ, ಆ ಓಪನಿಂಗ್ ಎರಡನ್ನೂ ಫೋನಿನಲ್ಲಿ ನೋಡಿದೆ. ನಾವು ಕ್ಷೇಮವಾಗಿಲ್ಲ. ಆ ಓಪನಿಂಗ್ ಇನ್ನೂ ನಮ್ಮ ಬೀದಿಯಲ್ಲೇ ಬಿದ್ದು ನಾರುತ್ತಿದೆ. ನಾನು ಕೆಂಪರಾಜ್, ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟವನು, ಅದೇ ತಿರುವಿನ ಬಷೀರ್ ಭಾಯ್ ಪಂಚರ್ ಅಂಗಡಿಯಲ್ಲಿ ಕೆಲಸ. ಭಾಷೆಯಲ್ಲಿ ತಪ್ಪಿದ್ದರೆ ಎಡಿಟಿಂಗಿನಲ್ಲಿ ಸರಿ ಮಾಡಿಕೊಳ್ಳಿ, ಅದರಲ್ಲಿ ತಾವು ನಿಸ್ಸೀಮರು.

ಜಾಗ ನೋಡಲು ತಾವು ಮೊದಲ ಸಲ ಬಂದಾಗ ಅಲ್ಲಿ ಕಸದ ಗುಡ್ಡೆಯೇ ಇತ್ತು, ಒಪ್ಪಿದೆ. ತಾವು ಮೂಗಿಗೆ ಕರ್ಚೀಫು ಹಿಡಿದು, ಜೊತೆಗಿದ್ದ ಅಸಿಸ್ಟೆಂಟ್ ಶಿವಾನಿ ಮೇಡಂಗೆ, “ಏನ್ ಟೆಕ್ಸ್ಚರ್ ಅದ ನೋಡಲೇ” ಅಂದಿರಿ. ಹುಟ್ಟಿದಾಗಿನಿಂದ ಆ ಟೆಕ್ಸ್ಚರಿನ ಪಕ್ಕದಲ್ಲೇ ಬೆಳೆದ ನಾವು ಅದನ್ನು ಗಬ್ಬು ಅಂತ ಕರೆಯುತ್ತಿದ್ದೆವು. ಆ ದಿನ ತಾವು ಫೋಟೊ ತೆಗೆದು, ಶಾಟು ಗೀಚಿಕೊಂಡು ಹೊರಟಿರಿ.

ತಾವು ಅತ್ತ ಹೋದಿರಿ, ಇತ್ತ ನನ್ನ ತಾಯಿ ಮಾರಕ್ಕನ ಇಡ್ಲಿ ಗಾಡಿಯನ್ನು ಹಳೇ ಜಾಗದಿಂದ ಎತ್ತಿಸಿದರು, ಅಲ್ಲಿ ಕಟ್ಟಡ ಏಳುತ್ತಿದೆಯಂತೆ. ಬೇರೆ ಜಾಗ ಇರಲಿಲ್ಲ. ನಾನು, ಅಮ್ಮ, ಬಷೀರ್ ಭಾಯ್ ಸೇರಿ ಆ ಗುಡ್ಡೆ ಎತ್ತಿ, ನೆಲ ತೊಳೆದು, ಬ್ಲೀಚಿಂಗ್ ಪೌಡರ್ ಚೆಲ್ಲಿದೆವು. ಅಮ್ಮ ರಂಗೋಲಿ ಹಾಕಿ ತುಳಸಿ ಕುಂಡ ಇಟ್ಟಳು. ಈ ಊರಲ್ಲಿ ಕಸಕ್ಕೆ ಅಂಜಿಕೆ ಇರುವುದು ಅದೊಂದಕ್ಕೇ. ರಂಗೋಲಿ ಇರುವ ಕಡೆ ಯಾರೂ ಕವರು ಬಿಸಾಡುವುದಿಲ್ಲ, ಆದರೆ ಯಾವನೋ ಒಬ್ಬ ಮೊದಲ ಕವರು ಹಾಕಿಬಿಟ್ಟರೆ ಎರಡನೆಯವನಿಂದ ಹಿಡಿದು ಇಡೀ ಬೀದಿಗೆ ನಾಚಿಕೆ ಬಿಟ್ಟುಹೋಗುತ್ತದೆ. ಗಾಡಿ ನಿಂತಿತು, ಆಟೋದವರು ಬಂದರು, ಇಡ್ಲಿ ಖರ್ಚಾಗತೊಡಗಿತು.

ಆಮೇಲೆ ಕ್ಯಾಮೆರಾ ಹೊತ್ತು ತಾವು ಬಂದಿರಿ. ರಂಗೋಲಿ ಕಂಡು ತಲೆಯ ಮೇಲೆ ಕೈ ಹೊತ್ತಿರಿ.

“ಅಯ್ಯ, ಲೊಕೇಶನ್ ಪೂರಾ ಹಾಳ್ ಮಾಡ್ಯಾರಲ್ಲೋ.”

ಕಸ ಕಂಡು ಬೈಯುವವರನ್ನು ದಿನಾ ನೋಡುತ್ತೇವೆ, ಸ್ವಚ್ಛ ಕಂಡು ಬೈದ ಮೊದಲ ಮಹಾನುಭಾವರು ತಾವೇ. “ಒಂದs ಶಾಟ್ ರೀ ಆಂಟಿ, ಗಾಡಿ ಸ್ವಲ್ಪ ಸರಸ್ರಿ” ಅಂದಿರಿ. ಓದುವ ಮಕ್ಕಳು ಅಂತ ಅಮ್ಮ ಗಾಡಿ ಸರಿಸಿದ್ದಲ್ಲದೆ ತಮಗೆಲ್ಲ ಇಡ್ಲಿಯನ್ನೂ ಕೊಟ್ಟಳು. ಅದನ್ನು ತಿಂದ ಕೈಯಲ್ಲೇ ತಾವು ಕಾರಿನ ಡಿಕ್ಕಿ ತೆಗೆದಿರಿ. ಒಳಗೆ ಇಂದಿರಾನಗರದ ಯಾವುದೋ ಅಪಾರ್ಟ್‌ಮೆಂಟಿನ ಹಿಂಬದಿಯಿಂದ ತುಂಬಿ ತಂದ ಕಸ. ಹಲಸೂರಿನ ಬಡತನ ತೋರಿಸಲು ಪಿಜ್ಜಾ ಡಬ್ಬ, ಕಾಫಿ ಲೋಟ, ನಾಯಿ ಬಿಸ್ಕೆಟ್ಟಿನ ಚೀಲ. ಎಲ್ಲ ರಂಗೋಲಿಯ ಮೇಲೆ ಸುರಿದಿರಿ.

“ಯಾಕಪ್ಪಾ, ಇಷ್ಟು ದೊಡ್ಡ ಊರಲ್ಲಿ ನನ್ನ ರಂಗೋಲಿನೇ ಬೇಕಿತ್ತಾ ನಿಂಗೆ?” ಅಂತ ಅಮ್ಮ ಕೇಳಿದಳು.

“ಮುಗದ ಮ್ಯಾಲೆ ನಾವs ಕ್ಲೀನ್ ಮಾಡ್ತೀವ್ರಿ ಆಂಟಿ” ಅಂತ ಮಾತು ಕೊಟ್ಟಿರಿ.

ಎರಡು ಶಾಟಿನ ನಡುವೆ ಅಮ್ಮ ತುಳಸಿ ಕುಂಡಕ್ಕೆ ತಾಗಿದ್ದ ಒಂದು ಕವರನ್ನು ಪೊರಕೆಯಲ್ಲಿ ಸರಿಸಿದಳು, ಅಷ್ಟೇ. ಮನೆಗೆ ಬೆಂಕಿ ಬಿದ್ದವರ ಹಾಗೆ ತಾವು “ಕಂಟಿನ್ಯುಟಿ, ಕಂಟಿನ್ಯುಟಿ” ಅಂತ ಕೂಗಿಕೊಂಡಿರಿ. ಶಿವಾನಿ ಮೇಡಂ ಫೋನಿನಲ್ಲಿ ಫೋಟೊ ನೋಡಿ, ಅದೇ ಕವರನ್ನು, ಅದೇ ಜಾಗದಲ್ಲಿ, ಅದರ ಹರಿದ ಬಾಯಿ ಅದೇ ದಿಕ್ಕಿಗೆ ಬರುವಂತೆ ಇಟ್ಟರು. ದೇವರ ಮನೆಯಲ್ಲಿ ಹೂವನ್ನೂ ಅಷ್ಟು ಭಕ್ತಿಯಿಂದ ಇಟ್ಟವರನ್ನು ನಾನು ಕಂಡಿಲ್ಲ.

“ಏನ್ ಮೇಡಂ ಹಂಗಂದ್ರೆ?” ಅಂತ ಬಷೀರ್ ಭಾಯ್ ಕೇಳಿದರು.

“ಮೊದಲ್ನೇ ಶಾಟಲ್ಲಿ ಹೆಂಗಿತ್ತೋ ಕೊನೇವರ್ಗೂ ಹಂಗೇ ಇರ್ಬೇಕು ಅಂಕಲ್.”

ಅಲ್ಲಿಗೆ ತಮಗೆ ಬೆಳಕು ಕಮ್ಮಿಯಾಯಿತು, ಇನ್ನೊಂದು ಲೊಕೇಶನ್ ನೆನಪಾಯಿತು, ಕಾರು ಹೊರಟಿತು. ಕಸ ಉಳಿಯಿತು. ಅಮ್ಮ ಗುಡಿಸಲು ಶುರು ಮಾಡುವಷ್ಟರಲ್ಲೇ ತಮ್ಮ ಗುಡ್ಡೆ ಕಂಡು ಬೀದಿಯವರು ಶುರು ಹಚ್ಚಿಕೊಂಡಿದ್ದರು. ಮೊದಲು ಎಳನೀರು ಬುರುಡೆ, ಆಮೇಲೆ ಕೋಳಿ ಪುಕ್ಕ, ಕೊನೆಗೆ ಯಾರದೋ ಹರಿದ ಹಾಸಿಗೆ. ಬೇಡ ಅಂದರೆ, “ಈಗಾಗ್ಲೇ ಬಿದ್ದೈತಲ್ಲ, ನಂದೊಂದೇ ಹೆಚ್ಚಾಯ್ತಾ?” ಅನ್ನುತ್ತಾರೆ. ತಾವಿಲ್ಲದೆಯೂ ತಮ್ಮ ಕಂಟಿನ್ಯುಟಿಯನ್ನು ಹಲಸೂರಿನ ಜನ ಒಂದು ದಿನವೂ ತಪ್ಪಿಸದೆ ಕಾಪಾಡಿದ್ದಾರೆ. ಬಹುಮಾನದಲ್ಲಿ ಅವರಿಗೂ ಪಾಲು ಕೊಡಿ.

ದಿನಾ ತಿನ್ನುತ್ತಿದ್ದ ಆಟೋ ಮುನಿಶಾಮಣ್ಣ ಕೂಡ ತಟ್ಟೆ ಕೆಳಗಿಟ್ಟರು. “ಇಡ್ಲಿ ಚೆನ್ನಾಗೈತೆ ಮಾರಕ್ಕ, ಆದ್ರೆ ಮೂಗು ಹಿಡ್ಕೊಂಡು ನುಂಗೋಕಾಗಲ್ಲ” ಅಂದರು. ಈಗ ಗಾಡಿ ನಮ್ಮ ಮನೆ ಮುಂದೆ ಟಾರ್ಪಲ್ ಹೊದ್ದು ನಿಂತಿದೆ. ನಮ್ಮ ಮನೆ ನಡೆಯುತ್ತಿದ್ದದ್ದು ಅದರ ಮೇಲೆ. ತಮಗೆ ಫೋನು ಮಾಡಿದರೆ, “ಎಡಿಟ್‌ನಾಗ ಬಿಜಿ ಅದೀನಿ ಬ್ರೋ” ಅಂತ ಇಟ್ಟುಬಿಟ್ಟಿರಿ.

ಆದ್ದರಿಂದ ತಮ್ಮಲ್ಲಿ ಕೆಲವು ವಿನಂತಿ. ಕಂಪ್ಯೂಟರಿನಲ್ಲಿ ಚಿತ್ರವನ್ನು ಹಿಂದಕ್ಕೆ ಓಡಿಸಿದರೆ ಕಸವೆಲ್ಲ ತಾನಾಗಿ ಎದ್ದು ಕಾರಿನ ಡಿಕ್ಕಿಗೆ ಹೋಗುತ್ತದಂತೆ, ದಯಮಾಡಿ ಆ ಬಟನ್ನನ್ನು ಒಂದು ಸಲ ನಮ್ಮ ಬೀದಿಯಲ್ಲಿ ಒತ್ತಿಕೊಡಿ. ಆಗದಿದ್ದರೆ ಚಿತ್ರದ ಜೊತೆ ವಾಸನೆಯನ್ನೂ ಬಿಡುಗಡೆ ಮಾಡಿ, ತೀರ್ಪುಗಾರರು ತಮ್ಮ ಟೆಕ್ಸ್ಚರನ್ನು ಪೂರ್ತಿ ಸವಿಯಲಿ. ಮತ್ತೊಂದು ಸಣ್ಣ ತಿದ್ದುಪಡಿ. ಓಪನಿಂಗ್ ಮುಗಿಯುವಾಗ ಕಪ್ಪು ಪರದೆಯ ಮೇಲೆ ‘ಈ ಮೂಲೆಗೆ ಯಾರು ಹೊಣೆ?’ ಅಂತ ಬರುತ್ತದೆ, ಸ್ವಲ್ಪ ಹೊತ್ತು ಬಿಟ್ಟು ತಮ್ಮ ಹೆಸರು ಬರುತ್ತದೆ. ಆ ಸ್ವಲ್ಪ ಹೊತ್ತನ್ನು ಕತ್ತರಿಸಿಬಿಡಿ. ಚಿತ್ರದಲ್ಲಿ ಒಂದಾದರೂ ನಿಜ ಉಳಿಯುತ್ತದೆ.

ಗುಡಿಸುತ್ತೇನೆ ಅಂದ ತಮ್ಮ ಮಾತನ್ನು ಇನ್ನೂ ಎತ್ತಿ ಬಿಸಾಡದ,
ತಮ್ಮ ವಿಶ್ವಾಸಿ,
ಕೆಂಪರಾಜ್

ಮರೆತ ಮಾತು: ಇಷ್ಟು ಬರೆದ ಮೇಲೆ ಸಿಟ್ಟಿಗೆ ಕೂರಲಾಗಲಿಲ್ಲ. ನಾನು, ಬಷೀರ್ ಭಾಯ್ ಗುಡ್ಡೆಯನ್ನೆಲ್ಲ ಇನ್ನೊಮ್ಮೆ ಎತ್ತಿದೆವು. ತಳದಲ್ಲಿ, ಪಿಜ್ಜಾ ಡಬ್ಬದ ಕೆಳಗೆ, ತಾವು ಶಾಟಿಗೆ ಮೊದಲು ಪಟ್ಟಂತ ಬಡಿಯುತ್ತಿದ್ದ ಕ್ಲ್ಯಾಪ್ ಬೋರ್ಡು ಸಿಕ್ಕಿತು. ಗಾಡಿ ಮತ್ತೆ ಅದೇ ಮೂಲೆಗೆ ಬಂದಿದೆ, ಅಮ್ಮ ಬೋರ್ಡನ್ನು ತೊಳೆದು ಅದಕ್ಕೆ ನೇತು ಹಾಕಿದ್ದಾಳೆ. ಸೀನ್ ಅಂತ ಇರುವ ಕಡೆ ಇಡ್ಲಿ, ಟೇಕ್ ಅಂತ ಇರುವ ಕಡೆ ವಡೆ, ಡೈರೆಕ್ಟರ್ ಅಂತ ಇರುವ ಕಡೆ ಮಾರಕ್ಕ ಅಂತ ಬರೆದುಕೊಟ್ಟಿದ್ದೇನೆ. ಬೋರ್ಡು ಬೇಕಿದ್ದರೆ ಬೆಳಿಗ್ಗೆ ಬೇಗ ಬನ್ನಿ. ಪೊರಕೆ ಪಕ್ಕದಲ್ಲೇ ಇಟ್ಟಿದ್ದೇವೆ, ಕಂಟಿನ್ಯುಟಿಗೆ.